ಮುಲುಂಡಿನಲ್ಲಿ ಮೈನಸ್ 40

ಮೇ ತಿಂಗಳು. ಫ್ಯಾನಿನ ಕೆಳಗೆ ಕೂತರೂ ಬನಿಯನ್ ಬೆನ್ನಿಗೆ ಅಂಟುವ ಮುಂಬೈ ಸೆಕೆ. ಇಂಥದ್ದರಲ್ಲಿ ನನ್ನ ಕಾರು ತನಗೆ ವಿಪರೀತ ಚಳಿ ಅಂತ ಹಠ ಹಿಡಿದು ಕೂತಿತ್ತು. ಆ ಚಳಿ ಬಿಡಿಸಲು ಕೊಟ್ಟ ದುಡ್ಡಿನ ಹೊಟ್ಟೆಉರಿ ಇನ್ನೂ ಆರಿಲ್ಲ.

ಶುರುವಾಗಿದ್ದು ಡ್ಯಾಶ್‌ಬೋರ್ಡಿನ ಹಳದಿ ದೀಪದಿಂದ. ನಿಮಗೂ ಗೊತ್ತಿರುತ್ತೆ, ಎಂಜಿನ್ ಚಿತ್ರದ್ದು. ಅದು ಹೊತ್ತಿಕೊಂಡರೆ ಎಲ್ಲೋ ಏನೋ ಆಗಿದೆ ಅಂತ ಅರ್ಥ. ಎಲ್ಲಿ, ಏನು ಅಂತ ಮಾತ್ರ ಕೇಳಬೇಡಿ. ಸೀಟ್ ಬೆಲ್ಟ್ ಹಾಕದಿದ್ದರೆ ಊರೆಲ್ಲ ಕೇಳುವಂತೆ ಬಡಕೊಳ್ಳುವ ಕಾರು, ತನಗೇ ಕಾಯಿಲೆ ಬಂದಾಗ ಮೌನವ್ರತ ಹಿಡಿಯುತ್ತೆ.

ಲಕ್ಷಣಗಳು ಒಂದೊಂದಾಗಿ ಬಂದವು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿರಲಿಲ್ಲ. ಆದರೆ ಪೆಟ್ರೋಲ್ ವಾಸನೆ. ಸೈಲೆನ್ಸರ್ ಬಾಯಿಗೆ ಮಸಿ. ಎಲ್‌ಬಿಎಸ್ ರಸ್ತೆಯಲ್ಲಿ ಮೆಟ್ರೋ ಕೆಲಸದ ಪಕ್ಕ ಫಸ್ಟ್ ಗೇರಿನಲ್ಲೇ ತೆವಳುವವರಿಗೆ ಆವರೇಜ್ ಅನ್ನೋದು ಮೊದಲೇ ಅಷ್ಟಕ್ಕಷ್ಟೆ. ಈಗ ಅದೂ ಇಳಿಯಿತು.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಧಾರವಾಡದ ರಾಯರಿದ್ದಾರೆ. ಬ್ಯಾಂಕಿನಿಂದ ರಿಟೈರ್ ಆದವರು. ಲೋಕದಲ್ಲಿ ಏನೇ ಕೆಟ್ಟರೂ ಅವರ ಹತ್ತಿರ ಒಂದೇ ಕಾರಣ. "ಈ ಮುಂಬೈ ಹವಾನ ಸರಿ ಇಲ್ಲ ನೋಡ್ರಿ." ಮೊಣಕಾಲು ನೋವಿಗೆ ಹವಾ. ಹಪ್ಪಳ ಮೆತ್ತಗಾದರೆ ಹವಾ. ಇಷ್ಟನ್ನು ಒಪ್ಪೋಣ. ಮೊಮ್ಮಗನಿಗೆ ಗಣಿತದಲ್ಲಿ ಮಾರ್ಕ್ಸ್ ಕಡಿಮೆ ಬಂದಿದ್ದಕ್ಕೂ ಹವಾ. ಸೊಸೈಟಿ ಮೀಟಿಂಗಿನಲ್ಲಿ ಸೆಕ್ರೆಟರಿ ಪೇಂಟಿಂಗ್ ಖರ್ಚಿನ ಲೆಕ್ಕ ಕೊಡದೆ ಜಾರಿಕೊಂಡಾಗ ನಾವೆಲ್ಲ ಕೂಗಾಡಿದೆವು. ರಾಯರು ಲಿಫ್ಟಿನಲ್ಲಿ ನಿಟ್ಟುಸಿರು ಬಿಟ್ಟರು. "ಮನಷ್ಯಾ ಛಲೋನ ಇದ್ದಾನ್ರಿ. ಹವಾ ಕೆಡಿಸ್ಯದ."

ನನ್ನ ಕಾರಿನ ಮಸಿ ನೋಡಿದಾಗಲೂ ಅವರು ಬೇರೇನೂ ಹೇಳಲಿಲ್ಲ. ಮೂಗು ಮೇಲೆತ್ತಿ ಒಮ್ಮೆ ಗಾಳಿ ಎಳೆದುಕೊಂಡು, "ಹವಾ" ಅಂದು ಹಾಲು ತರಲು ಹೋದರು.

ಉಳಿದವರ ತೀರ್ಪು ಇಲಿಯ ಮೇಲಿತ್ತು. ನಮ್ಮ ಪಾರ್ಕಿಂಗಿನ ಇಲಿಗಳಿಗೆ ವೈರ್ ಅಂದರೆ ಪ್ರಾಣ. ಅದಕ್ಕೇ ಅರ್ಧ ಬಿಲ್ಡಿಂಗಿನ ಕಾರುಗಳ ಬಾನೆಟ್ ಕೆಳಗೆ ತಂಬಾಕಿನ ಎಲೆ ಕಟ್ಟಿರುತ್ತಾರೆ. ವಾಚ್‌ಮನ್ ಆ ಎಲೆಯಲ್ಲಿ ದಿನಾ ಸ್ವಲ್ಪ ಕಿತ್ತುಕೊಳ್ಳುತ್ತಾನೆ ಅಂತ ನನ್ನ ಗುಮಾನಿ. ಅದು ಬೇರೆ ಕತೆ.

ಕೊನೆಗೆ ಗ್ಯಾರೇಜಿನ ಹುಡುಗ ಬಂದ. ಹೆಬ್ಬೆರಳಷ್ಟು ಉದ್ದದ ಸ್ಕ್ಯಾನರನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲ್ ತೆರೆದ. ಪಿ 0113 ಅಂತ ಒಂದು ಕೋಡ್ ಬಂತು. ಅದರ ಕೆಳಗೆ, ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ಉಷ್ಣತೆ: ಮೈನಸ್ 40 ಡಿಗ್ರಿ.

ನಾನು ಕನ್ನಡಕ ಒರೆಸಿ ನೋಡಿದೆ. ಮೈನಸ್ ಹಾಗೇ ಇತ್ತು. ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.4 ಡಿಗ್ರಿ, ಅದೂ 1962ರ ಜನವರಿಯಲ್ಲಿ. ಆಗ ಈ ಕಾರೂ ಇರಲಿಲ್ಲ, ನಾನೂ ಇರಲಿಲ್ಲ. ಈಗ ನನ್ನ ಹಣೆಯಿಂದ ಬೆವರು ತೊಟ್ಟಿಕ್ಕಿ ಆ ಮೈನಸ್ 40ರ ಮೇಲೇ ಬಿತ್ತು. ಹುಡುಗ ಬೇಸರದಿಂದ ಸ್ಕ್ರೀನ್ ಒರೆಸಿಕೊಂಡ. ವಾಚ್‌ಮನ್ ಬಗ್ಗಿ ನೋಡಿ, ಬಾನೆಟ್ ಒಳಗೂ ಎಸಿ ಇರುತ್ತಾ ಅಂತ ಕೇಳಿದ. ಎರಡನೇ ಮಹಡಿಯವರು ಬಾನೆಟ್ ಮೇಲೆ ಅಂಗೈ ಇಟ್ಟು, ಸುಟ್ಟುಕೊಂಡು, "ಅಯ್ಯಯ್ಯೋ ಮೈನಸ್ಸು" ಅಂತ ಕೈ ಕೊಡವಿದರು. ಸೆಲ್ಸಿಯಸ್ ಇರಲಿಕ್ಕಿಲ್ಲ, ಫ್ಯಾರನ್‌ಹೀಟ್ ಇರಬೇಕು ಅಂತ ಇನ್ನೊಬ್ಬರ ವಾದ. ಮೈನಸ್ 40ರಲ್ಲಿ ಎರಡೂ ಒಂದೇ ಅಂತ ಹೇಳಿದೆ. ಯಾರಿಗೂ ಹಿಡಿಸಲಿಲ್ಲ.

ಅಷ್ಟರಲ್ಲಿ ರಾಯರು ಬಂದರು. ಕನ್ನಡಕ ಏರಿಸಿ ಕೋಡಿನ ಪಕ್ಕದ ಸಾಲು ಓದಿದರು. ಇಂಟೇಕ್ ಏರ್ ಅನ್ನೋ ಎರಡು ಪದ ಸಾಕಾಯಿತು. "ನಾ ಹೇಳಿದ್ದಿಲ್ಲೇನ್ರಿ?" ಅಂದರು. ಎಷ್ಟೋ ವರ್ಷದಿಂದ ಕತ್ತಲಲ್ಲಿ ಕಲ್ಲು ಎಸೆಯುತ್ತಿದ್ದ ಮನುಷ್ಯ. ಈ ಸಲ ಕಲ್ಲು ಗುರಿಗೆ ತಗುಲಿತ್ತು. ನನಗೆ ಬಿಲ್ಲಿಗಿಂತ ಜಾಸ್ತಿ ಉರಿದಿದ್ದು ಅದೇ.

ವಿಷಯ ಇಷ್ಟೇ. ಏರ್ ಫಿಲ್ಟರ್ ದಾಟಿ ಗಾಳಿ ಒಳಗೆ ಹೋಗುವ ಪೈಪಿನಲ್ಲಿ ಒಂದು ಸೆನ್ಸಾರ್ ಇರುತ್ತೆ. ಅದರಲ್ಲಿ ಕಾಯಿಸಿದ ಸಣ್ಣ ತಂತಿ. ಗಾಳಿ ಜೋರಾದಷ್ಟೂ ತಂತಿ ಆರುತ್ತೆ, ಮತ್ತೆ ಬಿಸಿ ಇಡಲು ಎಷ್ಟು ಕರೆಂಟ್ ಬೇಕಾಯಿತು ಅನ್ನೋದರಿಂದ ಗಾಳಿಯ ತೂಕ ಸಿಗುತ್ತೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಲೆಕ್ಕ ತಪ್ಪಿ ಪೆಟ್ರೋಲ್ ಜಾಸ್ತಿಯಾದರೆ ಮಸಿಯೇ ಗತಿ. ಅದೇ ಸೆನ್ಸಾರಿನಲ್ಲಿ ಗಾಳಿಯ ಬಿಸಿ ಅಳೆಯಲು ಮೆಂತ್ಯಕಾಳಿನಷ್ಟು ದೊಡ್ಡ ಮಣಿ ಒಂದಿದೆ. ಚಳಿ ಹೆಚ್ಚಾದಂತೆ ಅದರ ರೆಸಿಸ್ಟೆನ್ಸ್ ಏರುತ್ತೆ. ಮಣಿಯ ಕನೆಕ್ಷನ್ನೇ ಕಡಿದುಹೋದರೆ ರೆಸಿಸ್ಟೆನ್ಸಿಗೆ ಮಿತಿಯೇ ಇಲ್ಲ. ಅಂದ ಮೇಲೆ ಚಳಿಗೂ ಮಿತಿ ಇಲ್ಲ ಅಂದುಕೊಂಡು ಕಂಪ್ಯೂಟರ್ ತನ್ನ ಪಟ್ಟಿಯ ಕೊನೆಯ ಅಂಕಿ ತೋರಿಸುತ್ತೆ. ಆಮೇಲೆ ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತೆ. ಆ ಅಂದಾಜು ಯಾವತ್ತೂ ನಮ್ಮ ಪರ್ಸಿನ ಕಡೆಗೆ ಇರಲ್ಲ.

ಕಡಿದಿರೋದು ಮಣಿಯೋ ವೈರೋ ಅಂತ ನೋಡಲು ಹುಡುಗ ಕನೆಕ್ಟರ್ ಕಿತ್ತು, ಎರಡು ಪಿನ್ನುಗಳನ್ನು ತುಂಡು ತಂತಿಯಿಂದ ಕೂಡಿಸಿದ. ಮೈನಸ್ 40 ಒಂದೇ ನೆಗೆತಕ್ಕೆ 100 ದಾಟಿತು. ಸಿಯಾಚಿನ್ನಿನಿಂದ ಸೀದಾ ಇಡ್ಲಿ ಪಾತ್ರೆಯೊಳಕ್ಕೆ. ರೆಸಿಸ್ಟೆನ್ಸ್ ಇಳಿದ ಸುದ್ದಿ ಕಂಪ್ಯೂಟರಿಗೆ ಮುಟ್ಟಿತ್ತು, ಅಂದರೆ ವೈರ್ ಸರಿಯಾಗೇ ಇತ್ತು. ಇಲಿ ನಿರ್ದೋಷಿ. "ಸೆನ್ಸಾರ್ ಗಯಾ" ಅಂದ ಹುಡುಗ.

ಹೋಗಿದ್ದು ಮಣಿ ಮಾತ್ರ. ಗಾಳಿ ತೂಗುವ ತಂತಿ ಗಟ್ಟಿಮುಟ್ಟಾಗಿದೆ. ಆದರೆ ಮಣಿ ಬಿಡಿಯಾಗಿ ಸಿಗಲ್ಲ, ಇಡೀ ಸೆನ್ಸಾರ್ ಕೊಳ್ಳಬೇಕು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಇನ್ನೂ ಒಂದು ಹೆಜ್ಜೆ ಮುಂದೆ: ಪೈಪಿನ ಸಮೇತ ಅಸೆಂಬ್ಲಿ ಹಾಕಿಸಿದರೆ "ಬೆಟರ್ ಸರ್" ಅಂತೆ. ಯಾರಿಗೆ ಬೆಟರ್ ಅಂತ ಆ ಹುಡುಗಿ ಹೇಳಲಿಲ್ಲ.

ಹಾಗಾಗಿ ಕುರ್ಲಾದ ಸಿಎಸ್‌ಟಿ ರೋಡಿಗೆ ಹೊರಟೆ. ಅಂಗಡಿಯವರು ಹಳೇ ಪೀಸ್ ಇಲ್ಲದೆ ಮಾತೇ ಆಡಲ್ಲ. ಹಳೇ ಪೀಸ್ ಬಿಚ್ಚಿದರೆ ಪೈಪಿನಲ್ಲಿ ತೂತು, ಕಾರು ಓಡಲ್ಲ. ಕಾರಿನ ಕೆಲಸಕ್ಕೆ ಲೋಕಲ್ ಟ್ರೇನ್. ಸೆನ್ಸಾರನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಜನರ ನಡುವೆ ತಲೆ ಮೇಲೆ ಹಿಡಿದುಕೊಂಡು ನಿಂತೆ. ಪಕ್ಕದವನು ತಿಂಡಿ ಅಂದುಕೊಂಡು ಜಾಗ ಮಾಡಿಕೊಟ್ಟ. ಅಂಗಡಿಯಲ್ಲಿ ಮೂರು ದರ್ಜೆ: ಒರಿಜಿನಲ್, ಒರಿಜಿನಲ್ ಜೈಸಾ, ಮತ್ತೆ ಚಲ್ ಜಾಯೇಗಾ. ಒರಿಜಿನಲ್ಲೇ ತಗೊಂಡೆ. ಇಲೆಕ್ಟ್ರಿಕಲ್ ಮಾಲ್ ವಾಪಸ್ ಇಲ್ಲ ಅಂತ ಬಿಲ್ಲಿನ ಮೇಲೆ ಕೆಂಪು ಸೀಲ್ ಒತ್ತಿದ, ಪೆಟ್ಟಿಗೆ ತೆರೆಯುವ ಮೊದಲೇ.

ಕೂರಿಸೋದು ಎರಡೇ ಸ್ಕ್ರೂ ಕೆಲಸ. ಒಂದು ಸ್ಕ್ರೂ ಕೈಜಾರಿ ಟಿಣ್ ಅಂತ ಎಂಜಿನ್ ಸಂದಿಗೆ ಬಿತ್ತು. ನೆಲಕ್ಕೆ ಬರಲೇ ಇಲ್ಲ, ಎಲ್ಲೂ ಕಾಣಲೂ ಇಲ್ಲ. ಹುಡುಗ ಬೇರೊಂದು ಹಾಕಿದ. ರಾಯರು ಹೊಸ ಸೆನ್ಸಾರಿನ ತಂತಿಯನ್ನು ಧೋತರದ ಚುಂಗಿನಿಂದ ಒರೆಸಲು ಹೋದಾಗ ಹುಡುಗ ಚೀರಿಯೇಬಿಟ್ಟ. ಅದನ್ನು ಮುಟ್ಟಬಾರದು, ಮುಟ್ಟಿದರೆ ಅದೂ ಹೋಯಿತು.

ಕೋಡ್ ಅಳಿಸಿದ. ಹಳದಿ ದೀಪ ಆರಿತು. ಸ್ಕ್ರೀನಿನಲ್ಲಿ 41.

"ನಲವತ್ತೊಂದು," ಅಂದರು ರಾಯರು ಮೆಲ್ಲಗೆ. "ನಮ್ಮಲ್ಲೆ ಈ ಹೊತ್ನ್ಯಾಗ ಸಂಜಿ ಮುಂದ ಒಂದು ಮಳಿ ಹೊಡದ್ರ, ರಾತ್ರಿ ಹೊಚಗೊಳ್ಳಲಿಕ್ಕೆ ಬೇಕಾಗ್ತದ. ಸಾಧನಕೇರಿ ಕಡೆ ಹೋದ್ರಂತೂ..."

"ರಿಟೈರ್ ಆಗಿದ್ದೀರಲ್ಲ ರಾಯರೇ, ಹೋಗಿ ಇದ್ದುಬಿಡಿ."

"ಯಾರ ಹಂತ್ಯಾಕ ಹೋಗ್ಲ್ರಿ? ಅಣ್ಣ ಹೋದಮ್ಯಾಲ ಮನಿ ಮಾರಿಬಿಟ್ವಿ."

ಏನು ಹೇಳಬೇಕು ಅಂತ ತೋಚಲಿಲ್ಲ. ಹುಡುಗ ಬಾನೆಟ್ ಮುಚ್ಚಿ, ಕೂಲಿ ಹೇಳಿದ. ಸೆನ್ಸಾರ್ ತರಲು ನಾನೇ ಹೋಗಿದ್ದರೂ ಅದರಲ್ಲಿ 'ಪಾರ್ಟ್ ಲಾನೇ ಕಾ' ಅಂತ ಒಂದು ಸಾಲಿತ್ತು. ಅದರ ಚೌಕಾಶಿ ಮುಗಿಯುವ ಹೊತ್ತಿಗೆ ರಾಯರು ಚೇತರಿಸಿಕೊಂಡಿದ್ದರು. ಸ್ಕ್ಯಾನರನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಇದನ್ನ ನಮ್ಮ ಮನ್ಯಾಗ ಹಚ್ಚಲಿಕ್ಕೆ ಬರ್ತದೇನ್ರಿ? ಹವಾ ಸರಿ ಇಲ್ಲ ಅಂದ್ರ ನಮ್ಮಾಕಿ ನಂಬೂದs ಇಲ್ಲ."

ನಾನು ಹಿಂದಿಯಲ್ಲಿ ದಾಟಿಸಿದೆ. ಹುಡುಗ ಗಂಭೀರವಾಗಿ ಕೇಳಿದ, ಮನೆಯಲ್ಲಿ ಇದಕ್ಕೆ ಸಾಕೆಟ್ ಎಲ್ಲಿದೆ ಅಂತ.

"ಗೀಝರ್ ಬಾಜೂಕ ಒಂದು ಖಾಲಿ ಅದ," ಅಂದರು ರಾಯರು.