ಅವರೇಕಾಯಿಗೆ ಹೆಲ್ಮೆಟ್

ನನ್ನ ಹತ್ತಿರ ಡಿಎಲ್ ಇದೆ, ಆರ್‌ಸಿ ಇದೆ, ಇನ್ಶೂರೆನ್ಸ್ ಕಟ್ಟಿದ್ದೇನೆ, ಎಮಿಷನ್ ಚೀಟಿಗೆ ಇನ್ನೂ ಎರಡು ತಿಂಗಳು ಆಯಸ್ಸಿದೆ. ತಲೆ ಮೇಲೆ ಐಎಸ್‌ಐ ಗುರುತಿನ ಹೆಲ್ಮೆಟ್. ಇಷ್ಟೆಲ್ಲ ಇದ್ದರೂ ದೂರದಲ್ಲಿ ಬಿಳಿ ಅಂಗಿ, ಖಾಕಿ ಪ್ಯಾಂಟು ಕಂಡರೆ ಸಾಕು, ನಾನು ಸೀಟಿನ ಮೇಲೆ ನೆಟ್ಟಗಾಗುತ್ತೇನೆ. ಮೂವತ್ತರಲ್ಲಿ ಹೋಗುತ್ತಿದ್ದವನು ಇಪ್ಪತ್ತಕ್ಕೆ ಇಳಿಯುತ್ತೇನೆ. ಈಗಷ್ಟೇ ರಾಯರ ಮಠದಲ್ಲಿ ತೀರ್ಥ ತಗೊಂಡು ಬಂದವನ ಹಾಗೆ ಮುಖಕ್ಕೊಂದು ಸಾತ್ವಿಕ ಕಳೆ ಬಂದುಬಿಡುತ್ತದೆ. ಪೊಲೀಸರು ಕಾಯುವುದು ಈ ಕಳೆಗೇ ಅಂತ ನನ್ನ ಅನುಮಾನ. ಲೈಸೆನ್ಸೇ ಇಲ್ಲದ ಹುಡುಗರು ಮೂವರು ಕೂತು ಅವರ ಮೂಗಿನ ಮುಂದೆಯೇ ಸುಯ್ಯನೆ ಹೋಗುತ್ತಾರೆ. ಕೈ ಅಡ್ಡ ಬರುವುದು ನನಗೇ.

"ಯಜಮಾನ್ರೆ, ಗಾಡಿ ಸೈಡಿಗೆ ಹಾಕಿ."

ಹಾಗಂತ ಒಂದೊಂದು ದಿನ ನಿಲ್ಲಿಸದೆ "ಹೋಗಿ ಹೋಗಿ" ಅಂದುಬಿಟ್ಟರೆ ಅದೂ ಸಮಾಧಾನವಿಲ್ಲ. ಅಷ್ಟು ದುಡ್ಡು ಸುರಿದು ಇನ್ಶೂರೆನ್ಸ್ ಕಟ್ಟಿದ್ದನ್ನು ಯಾರಾದರೂ ಒಮ್ಮೆ ನೋಡಬೇಡವೆ?

ಬೆಂಗಳೂರಿನಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದವರೂ ಎದುರಿಗೆ ಬರುವ ಅಪರಿಚಿತನನ್ನು ಪೊಲೀಸರಿಂದ ಕಾಪಾಡುತ್ತಾರೆ. ಮೊದಲೆಲ್ಲ ಹಾಡಹಗಲಲ್ಲಿ ಹೆಡ್‌ಲೈಟ್ ಎರಡು ಸಲ ಮಿಟುಕಿಸಿದರೆ "ಮುಂದೆ ಹಿಡೀತಾವ್ರೆ" ಅಂತ ಅರ್ಥ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಇಂಜಿನ್ ಚಾಲೂ ಆದ ಕೂಡಲೇ ಹೆಡ್‌ಲೈಟು ತಾನಾಗಿ ಹತ್ತಿಕೊಳ್ಳುವ ಹಾಗಾಯಿತು, ಆರಿಸಲು ಸ್ವಿಚ್ಚೇ ಇಲ್ಲ. ಊರಿನ ಬೈಕುಗಳೆಲ್ಲ ಹಗಲಿಡೀ ದೀಪ ಹಚ್ಚಿಕೊಂಡು ಓಡಾಡತೊಡಗಿದ ಮೇಲೆ ಯಾರು ಎಚ್ಚರಿಸುತ್ತಿದ್ದಾರೆ, ಯಾರು ಸುಮ್ಮನೆ ಬರುತ್ತಿದ್ದಾರೆ ಗೊತ್ತಾಗದೆ ಹೋಯಿತು. ಹಾಗಾಗಿ ಈಗ ಕೈಯಿಂದ ತಲೆ ತಟ್ಟಿ ತೋರಿಸುತ್ತಾರೆ. ಒಮ್ಮೆ ಒಬ್ಬ ಪುಣ್ಯಾತ್ಮ ಹೀಗೆ ತಲೆ ತಟ್ಟಿಕೊಂಡ. ನಾನು ಕೈಯೆತ್ತಿ ಕೃತಜ್ಞತೆ ಸೂಚಿಸಿ, ಗಾಡಿ ತಿರುಗಿಸಿ, ಗಲ್ಲಿ ಗಲ್ಲಿ ಸುತ್ತಿ ಆಚೆ ಬಂದೆ. ಬಂದ ಮೇಲೆ ಹೊಳೆಯಿತು, ಹೆಲ್ಮೆಟ್ ನನ್ನ ತಲೆ ಮೇಲೆಯೇ ಇದೆ. ಕೊನೆಯ ಗಲ್ಲಿ ಒನ್ ವೇ ಆಗಿತ್ತು ಅನ್ನುವುದನ್ನು ಅಲ್ಲಿ ನಿಂತಿದ್ದ ಇನ್ನೊಬ್ಬ ಪೊಲೀಸರು ತಿಳಿಸಿದರು. ಅದರ ರಸೀದಿ ಇನ್ನೂ ಪರ್ಸಿನಲ್ಲಿದೆ.

ಅವರ ಕಷ್ಟವೂ ಇದೆ, ಇಲ್ಲವೆನ್ನಲಾರೆ. "ಮರದ ಹಿಂದೆ ಬಚ್ಚಿಟ್ಕೊಂಡು ಹಿಡೀತೀರಲ್ಲ ಸಾರ್" ಅಂತ ಒಬ್ಬರನ್ನು ಕೇಳಿದ್ದೆ. "ಬಚ್ಚಿಟ್ಕೊಂಡಿಲ್ಲ ಸಾರ್, ನೆರಳಿಗೆ ನಿಂತಿದೀನಿ. ಈ ರಸ್ತೇಲಿ ಉಳಿದಿರೋದು ಇದೊಂದೇ ಮರ" ಅಂದರು. ಸುತ್ತ ನೋಡಿದೆ. ನಿಜ. ದಿನಕ್ಕೆ ಎಷ್ಟು ಜನ "ಇಲ್ಲೇ ಮನೆ ಸಾರ್" ಅನ್ನುತ್ತಾರೋ ಅವರಿಗೇ ಲೆಕ್ಕವಿಲ್ಲವಂತೆ. ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದವರ ಮನೆಗಳೆಲ್ಲ "ಇಲ್ಲೇ" ಇರುತ್ತವೆ. ಒಂದು ಕಾಲದಲ್ಲಿ ಇವರ ಕೈ ಮೊದಲು ಹೋಗುತ್ತಿದ್ದುದು ಗಾಡಿಯ ಕೀಗೆ. ಈಗ ಅವರ ಎದೆಯ ಮೇಲೆ ಕ್ಯಾಮೆರಾ, ನಮ್ಮ ಕೈಯಲ್ಲಿ ಮೊಬೈಲು. ಪರಸ್ಪರ ಶೂಟಿಂಗ್ ಮಾಡಿಕೊಳ್ಳುತ್ತ, ಮಾತಿಗೊಂದು "ಸಾರ್" ಸೇರಿಸಿ ಜಗಳವಾಡುತ್ತೇವೆ. ಇಷ್ಟು ಮರ್ಯಾದೆಯ ಜಗಳ ನಮ್ಮ ಮನೆಯಲ್ಲೂ ನಡೆದಿಲ್ಲ.

ಮನೆ ಅಂದಾಗ ನೆನಪಾಯಿತು, ಸಂಕ್ರಾಂತಿ ಹಿಂದಿನ ಭಾನುವಾರದ ಕಥೆ. ಹೆಂಡತಿ ಅವರೇಕಾಯಿ ಕೊಳ್ಳುತ್ತಿದ್ದಳು. ನಾನು ಆಚೆ ಗಾಡಿಯ ಮೇಲೇ ಕೂತು, ಹಿಂದಿನ ಆಟೋದವನ ಹಾರ್ನ್ ಕೇಳಿಸದವನಂತೆ ನಟಿಸುತ್ತಿದ್ದೆ. ಅವಳು ಹಿಂದೆ ಕೂತು "ನಡೀರಿ" ಅಂದಳು, ಹೊರಟೆ. ಮುಂದಿನ ಸರ್ಕಲ್‌ನಲ್ಲಿ ಕಾನ್‌ಸ್ಟೇಬಲ್ ಕೈ ಅಡ್ಡ ಮಾಡಿದರು.

ಅವತ್ತು ನನಗೆ ಎಲ್ಲಿಲ್ಲದ ಧೈರ್ಯ. ಬಹಳ ದಿನದಿಂದ ಮಸೆದು ಇಟ್ಟುಕೊಂಡಿದ್ದ ಬ್ರಹ್ಮಾಸ್ತ್ರವೊಂದಿತ್ತು.

"ಸಾರ್, 2022ರ ಜೂನ್‌ನಲ್ಲಿ ನಿಮ್ಮ ಡಿಜಿಪಿಯವರೇ ಹೇಳಿದಾರೆ. ಕಣ್ಣಿಗೆ ಕಾಣೋ ತಪ್ಪಿಲ್ಲದೆ ಬರೀ ಡಾಕ್ಯುಮೆಂಟ್ಸ್ ನೋಡೋಕೆ ಅಂತ ಗಾಡಿ ನಿಲ್ಲಿಸೋ ಹಾಗಿಲ್ಲ."

ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಸರಿ ಸಾರ್. ಒಂದ್ಸಲ ಹಿಂದೆ ತಿರುಗಿ ನೋಡಿ."

ತಿರುಗಿದೆ. ಹೆಂಡತಿಯ ಹೆಲ್ಮೆಟ್ ಅವಳ ತೊಡೆಯ ಮೇಲೆ ಬೋರಲಾಗಿತ್ತು. ಅದರ ತುಂಬ ಗೋಪುರದಂತೆ ಅವರೇಕಾಯಿ. ತಲೆಯ ಮೇಲೆ ಕನಕಾಂಬರ ಬಿಟ್ಟರೆ ಏನೂ ಇಲ್ಲ.

"ಅವರೇಕಾಯಿಗೆ ಹೆಲ್ಮೆಟ್ ಹಾಕ್ಸಿದೀರಾ, ತಲೆಗೆ ಬೇಡ್ವಾ ತಾಯಿ?"

"ಚೀಲ ಮರ್ತು ಬಂದಿದ್ದು ಇವ್ರು, ಅಣ್ಣಾ" ಅಂದಳು. ಅಣ್ಣ ತಲೆಯಾಡಿಸಿದರು. ಒಂದೇ ವಾಕ್ಯದಲ್ಲಿ ಅವರಿಬ್ಬರೂ ಒಂದು ಪಾರ್ಟಿಯಾದರು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ಪ್ಲಾಸ್ಟಿಕ್ ಚೀಲ ನಿಷೇಧಿಸಿದ್ದು ಅದೇ ವರ್ಷ ಮಾರ್ಚ್‌ನಲ್ಲಿ. ಎರಡು ಕಾನೂನನ್ನೂ ಒಂದೇ ಏಟಿಗೆ ಜೋಡಿಸಿದ್ದು ಇಡೀ ರಾಜ್ಯದಲ್ಲಿ ಬಹುಶಃ ನನ್ನ ಹೆಂಡತಿ ಒಬ್ಬಳೇ.

ನಮ್ಮನ್ನು ಎಎಸ್‌ಐ ಸಾಹೇಬರ ಹತ್ತಿರ ಕಳಿಸಿದರು. ಅವರು ಮಷೀನಿಗೆ ಗಾಡಿ ನಂಬರು ಒತ್ತಿ, "ಇವತ್ತಿನದು ಐನೂರು. ಹಳೇದೂ ಎರಡಿದೆ" ಅಂದರು. ನನಗೆ ರೇಗಿತು. ನಾನು ಸಿಗ್ನಲ್ ಹಾರುವವನಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಜಾತ್ರೆಗೆ ಬಂದಂತೆ ಸಾಲು ನಿಂತಿದ್ದರು. "ನನ್ನದೇನೂ ಬಾಕಿಯಿಲ್ಲ" ಅಂತ ಆಫೀಸಿನಲ್ಲಿ ಎದೆಯುಬ್ಬಿಸಿ ತಿರುಗಿದವನು ನಾನು. ಸಾಹೇಬರು ಫೋಟೊ ತೋರಿಸಿದರು. ಗಾಡಿ ನನ್ನದು. ಅಂಗಿಯೂ ನನ್ನದೇ. ಒಳಗಿದ್ದವನು ನನ್ನ ಭಾವಮೈದ.

ಹೆಂಡತಿ ಫೋಟೊ ನೋಡಿ, "ಬಣ್ಣ ಅವನಿಗೆ ಒಪ್ಪುತ್ತೆ" ಅಂದಳು.

"ರಿಯಾಯಿತಿ ಏನಾದ್ರೂ ಇದೆಯಾ ಸಾರ್ ಈಗ?"

"ಬಂದಾಗ ಪೇಪರಲ್ಲಿ ಹಾಕ್ತಾರೆ, ನೋಡ್ತಾ ಇರಿ."

ಮೂರೂ ಕಟ್ಟಿದೆ. ಹೊರಡುವಾಗ ಕಾನ್‌ಸ್ಟೇಬಲ್ ತಡೆದರು. "ಹೆಲ್ಮೆಟ್ ಹಾಕ್ಕೊಂಡು ಹೋಗಿ ತಾಯಿ, ಮುಂದೆ ಇನ್ನೊಂದು ಪಾಯಿಂಟ್ ಇದೆ." ಹಾಗಾದರೆ ಅವರೇಕಾಯಿ? ಅವರೇ ಟೀ ಅಂಗಡಿಗೆ ಹೋಗಿ ಒಂದು ಹಳೇ ಪೇಪರ್ ತಂದು, ಪೊಟ್ಟಣ ಕಟ್ಟಲು ಕೂತರು. ಒಂದು ಕಾಯಿ ಕೈಗೆತ್ತಿಕೊಂಡು ಬೆರಳಲ್ಲಿ ತಿಕ್ಕಿ ಮೂಸಿದರು. ಮುಖ ಸಣ್ಣದಾಯಿತು. "ಎಷ್ಟು ಕೊಟ್ರಿ ಕೆಜಿಗೆ?" ಹೆಂಡತಿ ಹೇಳಿದಳು. "ನಮ್ದು ಮಾಗಡಿ ಕಡೆ. ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ, ಇದ್ರಲ್ಲಿ ಸೊಗಡೇ ಇಲ್ಲ. ಮೋಸ ಹೋಗಿದೀರ." ಅಷ್ಟು ದಂಡ ಕಟ್ಟಿಸಿಕೊಳ್ಳುವಾಗ ಇಲ್ಲದ ಮರುಕ ಆಗ ಅವರ ದನಿಯಲ್ಲಿತ್ತು. ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡಿದಳು, ಕಾಯಿ ಬೆಳೆದವನು ನಾನೇ ಅನ್ನುವಂತೆ.

ಹೆಲ್ಮೆಟ್ ಹಾಕಿಕೊಂಡಳು, ಪಟ್ಟಿ ಬಿಗಿದಳು. ಅರ್ಧ ಕಿಲೋಮೀಟರು ಸುಮ್ಮನಿದ್ದಳು. ದೊಡ್ಡ ಸಿಗ್ನಲ್‌ನಲ್ಲಿ ನಿಂತಿದ್ದೆವು. ಇದ್ದಕ್ಕಿದ್ದ ಹಾಗೆ ಹಿಂದಿನಿಂದ ಕಿಟಾರನೆ ಕಿರುಚಿದಳು, "ರೀ, ಹುಳ! ಒಳಗೆ ಹುಳ ಹರೀತಿದೆ!" ನಾನು ತಿರುಗುವಷ್ಟರಲ್ಲಿ ಹೆಲ್ಮೆಟ್ ಕಿತ್ತು ಬೋರಲು ಮಾಡಿ ಪಟಪಟ ಬಡಿಯುತ್ತಿದ್ದಳು. ಅವಳ ಕೂದಲಲ್ಲಿ ಏನಿದೆ ನೋಡಲು ನಾನೂ ನನ್ನದನ್ನು ತೆಗೆದೆ. ಆಮೇಲೆ ತಲೆಯೆತ್ತಿದರೆ ನೆತ್ತಿಯ ಮೇಲೆ ಕಂಬ, ಕಂಬದ ತುದಿಗೆ ಕ್ಯಾಮೆರಾ.

ನಾಲ್ಕನೇ ದಿನ ಮೊಬೈಲಿಗೆ ಮೆಸೇಜು ಬಂತು. ಲಿಂಕ್ ಒತ್ತಿ ಫೋಟೊ ನೋಡಿದೆ. ಇಬ್ಬರೂ ಬಹಳ ಸ್ಪಷ್ಟವಾಗಿ ಬಂದಿದ್ದೇವೆ. ದೊಡ್ಡದು ಮಾಡಿ ಎಷ್ಟು ಹುಡುಕಿದರೂ ಹುಳ ಮಾತ್ರ ಎಲ್ಲೂ ಕಾಣಲಿಲ್ಲ.