ಏನನ್ನೂ ಕಟ್ಟದ ಗಂಟು

ಈಗ ಅಂಗಡಿಯಲ್ಲಿ ಯಾವ ಫ್ರಾಕ್ ಎತ್ತಿ ನೋಡಿದರೂ ಒಂದು ರಿಬ್ಬನ್ ಬೋ ಇದ್ದೇ ಇರುತ್ತದೆ. ಕುತ್ತಿಗೆ ಹತ್ತಿರ, ತೋಳಿನ ಮೇಲೆ, ಇಲ್ಲವೇ ಬೆನ್ನಿಗೆ. ಎಳೆದರೆ ಬಿಚ್ಚುವುದಿಲ್ಲ, ಹೊಲಿದುಬಿಟ್ಟಿರುತ್ತಾರೆ. ಎರಡು ಜಡೆ ಮಡಚಿ ರಿಬ್ಬನ್ ಕಟ್ಟಿಕೊಂಡು ಸ್ಕೂಲಿಗೆ ಹೋದವರಿಗೆ ಇದು ಮೋಸ ಅನ್ನಿಸುತ್ತದೆ. ಆ ರಿಬ್ಬನ್ ಸಡಿಲವಾದರೆ ಜಡೆಯೇ ಬಿಚ್ಚಿಹೋಗುತ್ತಿತ್ತು. ಇದು ಸುಮ್ನೆ ಕೂತಿದೆ.

ಸುಮ್ನೆ ಕೂತರೂ ದೊಡ್ಡ ಮನೆತನದ್ದು. 18ನೇ ಶತಮಾನದ ಫ್ರಾನ್ಸಿನಲ್ಲಿ, ದೊರೆ ಹದಿನೈದನೇ ಲೂಯಿಯ ಕಾಲಕ್ಕೆ, ರೊಕೊಕೊ ಶೈಲಿ ಮೆರೆಯಿತು. ನೇರ ಗೆರೆ ಕಂಡರೆ ಅದಕ್ಕೆ ಆಗದು. ಗೋಡೆಗೂ ಕುರ್ಚಿಗೂ ಬಳ್ಳಿ, ಚಿಪ್ಪು, ತಿಳಿ ಬಣ್ಣ. ಬಟ್ಟೆಯನ್ನು ಬಿಟ್ಟೀತೇ?

ಜರ್ಮನಿಯ ಮ್ಯೂನಿಕ್‌ನ ಆಲ್ಟೆ ಪಿನಕೊಥೆಕ್ ಚಿತ್ರಶಾಲೆಯಲ್ಲಿ ಫ್ರಾಂಸ್ವಾ ಬೂಶೆ 1756ರಲ್ಲಿ ಬರೆದ ಮದಾಮ್ ದ ಪಾಂಪದೂರ್ ಚಿತ್ರವಿದೆ. ಈಕೆ ಲೂಯಿಯ ಪ್ರೇಯಸಿ, ಆಸ್ಥಾನದಲ್ಲಿ ಮಾತು ನಡೆಯುತ್ತಿದ್ದ ಹೆಂಗಸು. ಹಸಿರೋ ನೀಲಿಯೋ ಎಂದು ಹೇಳಲಾಗದ ರೇಷ್ಮೆ ಗೌನು, ಅದರ ತುಂಬ ಗುಲಾಬಿ ಹೂ. ಎದೆಯಿಂದ ಸೊಂಟದವರೆಗೆ ಗುಲಾಬಿ ಬಣ್ಣದ ಬೋಗಳ ಸಾಲು, ಕೆಳಗಿಳಿದಂತೆ ಚಿಕ್ಕದಾಗುತ್ತದೆ. ಇಷ್ಟು ಗಂಟು ಹಾಕಿದ ಮೇಲೆ ಗೌನು ಭದ್ರವಾಗಿ ನಿಂತಿರಬೇಕು, ಅಲ್ವಾ? ಇಲ್ಲ. ಆ ಕಾಲದಲ್ಲಿ ಗೌನಿನ ಅಂಚನ್ನು ಎದೆಯ ಮೇಲಿನ ಮೂರು ಮೂಲೆಯ ತುಂಡಿಗೆ ಗುಂಡುಪಿನ್ನಿನಿಂದ ಸಿಕ್ಕಿಸುತ್ತಿದ್ದರು. ದುಡಿಯುವುದು ಪಿನ್ನು, ಹೆಸರು ಬೋಗೆ.

ನನಗೆ ಈ ಚಿತ್ರದಲ್ಲಿ ಇಷ್ಟವಾಗುವುದು ಬೇರೆಯೇ. ಅವಳ ಕೈಯಲ್ಲಿ ತೆರೆದ ಪುಸ್ತಕವಿದೆ, ಪಕ್ಕದ ಪುಟ್ಟ ಮೇಜಿನಲ್ಲಿ ಬರೆಯುವ ಸಾಮಾನು. ಇಂದಿನ ‘ರೊಮ್ಯಾಂಟಿಕ್’ ಫ್ರಾಕಿನ ಜಾಹೀರಾತಿನ ಹುಡುಗಿಯರು ಕಿಟಕಿಯಾಚೆ ನೋಡುತ್ತಲೇ ಇರುತ್ತಾರೆ, ಪಾಪ. ಏನಾದರೂ ಓದಬಾರದೇ?

ಇದೆಲ್ಲ ಹೆಂಗಸರ ಸಿಂಗಾರ ಅನ್ನುವುದೂ ಆಮೇಲಿನ ಮಾತು. ಆಗ ಗಂಡಸರೂ ಕಸೂತಿಯ ಗುಲಾಬಿ ಕೋಟು ತೊಟ್ಟು, ಮುಂಗೈಗೆ ಲೇಸು ಇಳಿಬಿಟ್ಟು, ವಿಗ್ಗಿನ ಜುಟ್ಟಿಗೆ ರಿಬ್ಬನ್ ಕಟ್ಟಿಕೊಂಡೇ ಓಡಾಡುತ್ತಿದ್ದರು. ಇನ್ನು ಮುಂದಿನ ದೊರೆ ಹದಿನಾರನೇ ಲೂಯಿಯ ರಾಣಿ ಮರಿ ಆಂಟೊನೆಟ್ ಸಿಂಗಾರ ಸಾಕೆಂದು ಸರಳವಾದ ಬಿಳಿ ಮಸ್ಲಿನ್ ಗೌನು ತೊಟ್ಟಳು. ಆ ಗೌನಿನಲ್ಲಿ ಅವಳನ್ನು ಕಲಾವಿದೆ ವಿಜೆ ಲ ಬ್ರೂನ್ ಬರೆದ ಚಿತ್ರ 1783ರಲ್ಲಿ ಪ್ರದರ್ಶನಕ್ಕೆ ಬಂದಾಗ, ರಾಣಿ ಒಳಬಟ್ಟೆಯಲ್ಲೇ ನಿಂತಿದ್ದಾಳೆ ಎಂದು ಜನ ರಂಪ ಮಾಡಿದರು. ಚಿತ್ರ ತೆಗೆದು, ರೇಷ್ಮೆ ಉಡಿಸಿ ಇನ್ನೊಂದು ಬರೆಯಬೇಕಾಯಿತು. ಜಾಸ್ತಿ ಉಟ್ಟರೂ ಬೈಗುಳ, ಕಡಿಮೆ ಉಟ್ಟರೂ ಬೈಗುಳ!

1990ರಲ್ಲಿ ಇಂಗ್ಲೆಂಡಿನ ಫ್ಯಾಶನ್ ಡಿಸೈನರ್ ವಿವಿಯನ್ ವೆಸ್ಟ್‌ವುಡ್ ಬೂಶೆಯ ಇನ್ನೊಂದು ಚಿತ್ರವನ್ನೇ ಕಾರ್ಸೆಟ್ಟಿನ, ಅಂದರೆ ಮೈ ಬಿಗಿಯುವ ರವಿಕೆಯ, ಎದೆಗೆ ಅಚ್ಚು ಹಾಕಿಸಿದಳು. ಅದರಲ್ಲಿ ತುಂಟತನವಿತ್ತು. ಅಂಗಡಿಯ ಫ್ರಾಕುಗಳಲ್ಲಿ ಸಕ್ಕರೆ ಮಾತ್ರ ಉಳಿದಿದೆ.

ಇನ್ನೊಂದನ್ನಂತೂ ಪೂರ್ತಿ ಮರೆತಿದ್ದಾರೆ: ಜೇಬು. ಆಗಿನ ಹೆಂಗಸರು ಲಂಗದೊಳಗೆ ಸೊಂಟಕ್ಕೆ ಎರಡು ಚೀಲ ಕಟ್ಟಿಕೊಳ್ಳುತ್ತಿದ್ದರು. ಗೌನಿನ ಪಕ್ಕದ ಸೀಳಿನಲ್ಲಿ ಕೈ ತೂರಿಸಿದರೆ ಸಿಗುತ್ತಿತ್ತು. ಸೊಂಟದ ಎರಡೂ ಕಡೆ ಬುಟ್ಟಿಯಂತೆ ಉಬ್ಬಿದ ಆ ಗೌನಿನಲ್ಲಿ ಸೇರು ಅಕ್ಕಿ ಇಟ್ಟರೂ ಗೊತ್ತಾಗುತ್ತಿರಲಿಲ್ಲ. ನಮ್ಮ ಟೈಲರ್ ಹತ್ತಿರ ಜೇಬು ಕೇಳಿದೆ. ‘ಫಿಟ್ಟಿಂಗ್ ಕೆಡುತ್ತೆ ಮೇಡಂ, ಬೇಕಿದ್ರೆ ಒಂದು ಬೋ ಹಾಕ್ಲಾ?’ ಅಂದರು.