ಫೋನ್ ವ್ಯವಸ್ಥೆ ಕೊಳ್ಳುವ ಮುನ್ನ ನಿಮಗೆ ಬರುವ ಕರೆಗಳನ್ನು ಗಮನಿಸಿ

ಪೀಣ್ಯದಲ್ಲಿ ಕೊಳವೆಬಾವಿ ಮೋಟಾರುಗಳ ರಿವೈಂಡಿಂಗ್ ಮತ್ತು ಬಿಡಿಭಾಗಗಳ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಹೊರಗಿನ ಕರೆಗಳನ್ನು ಒಳಗಿನ ಫೋನುಗಳಿಗೆ ಹಂಚುವ ನಮ್ಮ ಕಚೇರಿಯ ಹಳೆಯ ಪೆಟ್ಟಿಗೆ (ಇಪಿಎಬಿಎಕ್ಸ್) ಕೈಕೊಟ್ಟಾಗ ಮೂರು ಕಂಪನಿಗಳಿಂದ ಕೊಟೇಶನ್ ತರಿಸಿದೆ. ಬಂದವರೆಲ್ಲರೂ ತಮ್ಮ ಸೌಲಭ್ಯಗಳನ್ನು ವಿವರವಾಗಿ ತೋರಿಸಿದರೇ ಹೊರತು, ನಮಗೆ ದಿನಕ್ಕೆ ಎಷ್ಟು ಕರೆಗಳು ಬರುತ್ತವೆ, ಯಾರಿಂದ ಬರುತ್ತವೆ ಎಂದು ಒಬ್ಬರೂ ಕೇಳಲಿಲ್ಲ. ಆ ಪ್ರಶ್ನೆಯನ್ನು ನಾನೂ ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ ಎಂಬುದು ಆಗ ಹೊಳೆಯಿತು.

ಹಾಗಾಗಿ ಖರೀದಿಯನ್ನು ಎರಡು ವಾರ ಮುಂದೂಡಿ, ಫೋನಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಕರೆ ಬಂದ ಹೊತ್ತು, ಊರು, ಭಾಷೆ, ವಿಷಯ ಇಷ್ಟನ್ನೂ ಬರೆದುಕೊಂಡೆವು. ತೆಗೆಯಲಾಗದ ಕರೆಗಳಿಗೆ ಕೆಂಪು ಗೆರೆ ಎಳೆದೆವು. ಕೆಂಪು ಗೆರೆಗಳಲ್ಲಿ ಹೆಚ್ಚಿನವು ಬೆಳಿಗ್ಗೆ ಒಂಬತ್ತಕ್ಕಿಂತ ಮೊದಲಿನವಾಗಿದ್ದವು. ಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟ್ ಬರುವುದು ದಿನದ ಕೆಲವೇ ಗಂಟೆ; ಬೆಳಗಿನ ಜಾವ ಕರೆಂಟ್ ಬಂದು ಮೋಟಾರು ಏಳದಿದ್ದಾಗ ರೈತ ಅಲ್ಲಿಂದಲೇ ನಮಗೆ ಫೋನ್ ಮಾಡುತ್ತಾನೆ, ಆದರೆ ನಮ್ಮ ಕಚೇರಿಯ ಬಾಗಿಲು ಆಗಿನ್ನೂ ತೆರೆದಿರುವುದಿಲ್ಲ. ಎಷ್ಟು ದುಬಾರಿಯ ಪೆಟ್ಟಿಗೆ ತಂದಿಟ್ಟರೂ ಈ ತೊಂದರೆ ತಾನಾಗಿ ನೀಗುತ್ತಿರಲಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತರವರೆಗಿನ ಕರೆಗಳು ಸರದಿಯ ಪ್ರಕಾರ ಒಬ್ಬೊಬ್ಬ ಮೆಕ್ಯಾನಿಕ್‌ನ ಮೊಬೈಲಿಗೆ ಹೋಗಬೇಕು ಎಂಬುದು ನಮ್ಮ ಮೊದಲ ಬೇಡಿಕೆಯಾಯಿತು.

ನೋಟ್‌ಬುಕ್ಕಿನಿಂದ ತಿಳಿದ ಇನ್ನೊಂದು ಸಂಗತಿಯೆಂದರೆ, ಒಂದೇ ಕ್ಷಣದಲ್ಲಿ ನಾಲ್ಕಕ್ಕಿಂತ ಹೆಚ್ಚು ಕರೆಗಳು ನಮಗೆ ಎಂದೂ ಬಂದಿರಲಿಲ್ಲ. ಕಚೇರಿಗಳಿಗೆಂದು ಫೋನ್ ಕಂಪನಿಗಳು ಕೊಡುವ ಪಿಆರ್‌ಐ ಎಂಬ ಒಂದು ಡಿಜಿಟಲ್ ಲೈನಿನಲ್ಲಿ 30 ಕರೆಗಳು ಏಕಕಾಲಕ್ಕೆ ನಡೆಯಬಲ್ಲವು. ಅದು ಆಸ್ಪತ್ರೆಗೋ ಕಾಲ್ ಸೆಂಟರಿಗೋ ಒಪ್ಪುವ ಅಳತೆಯೇ ವಿನಾ ನಮ್ಮಂಥವರಿಗಲ್ಲ. ಒಟ್ಟಿಗೆ ನಡೆಯಬೇಕಾದ ಕರೆಗಳಿಗೆ ಬೇಕಾದಷ್ಟೇ ಚಾನೆಲ್ ಪಡೆಯಬಹುದಾದ, ಇಂಟರ್ನೆಟ್ ಮೂಲಕ ಕರೆ ಸಾಗಿಸುವ ಸಿಪ್ ಟ್ರಂಕ್ ಅಥವಾ ಪೆಟ್ಟಿಗೆಯ ಕೆಲಸವನ್ನು ಸೇವಾ ಕಂಪನಿಯ ಕಂಪ್ಯೂಟರುಗಳೇ ಮಾಡುವ ಕ್ಲೌಡ್ ಸೇವೆ ನಮಗೆ ಸಾಕು.

ಇಂಟರ್ನೆಟ್ ಮೂಲಕ ಫೋನ್ ಎಂದೊಡನೆ ಎಲ್ಲರೂ ವೇಗದ ಪ್ಲಾನ್ ತೆಗೆದುಕೊಳ್ಳಲು ಹೇಳುತ್ತಾರೆ. ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತರಲು ಸಾಮಾನ್ಯವಾಗಿ ಬಳಸುವ ಜಿ.711 ವಿಧಾನದಲ್ಲಿ ಒಂದು ಕರೆಗೆ ಒಂದು ದಿಕ್ಕಿನಲ್ಲಿ ಬೇಕಾಗುವುದು ಸುಮಾರು 87 ಕೆಬಿಪಿಎಸ್ ಮಾತ್ರ, ಅಂದರೆ ನಾಲ್ಕು ಕರೆಗಳಿಗೆ ಅರ್ಧ ಎಂಬಿಪಿಎಸ್ ಕೂಡ ಬೇಕಿಲ್ಲ. ಮಾತನ್ನು ಕೆಡಿಸುವುದು ವಿಳಂಬ. ಒಂದು ಬದಿಯ ಧ್ವನಿ ಇನ್ನೊಂದು ಬದಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಲೀಸಾಗಿ ಸಾಗುತ್ತದೆ. ಅದನ್ನು ಮೀರಿದಷ್ಟೂ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ಸುಮ್ಮನಾಗುವಂತಾಗುತ್ತದೆ. ಪ್ರಯೋಗಕ್ಕೆಂದು ಪಡೆದ ಸೇವೆಯಲ್ಲಿ ನಮಗೂ ಹೀಗೇ ಆಯಿತು. ಗೋದಾಮಿನ ಸಿಸಿಟಿವಿ ಕ್ಯಾಮೆರಾಗಳು ಅದೇ ಲೈನಿನಲ್ಲಿ ವಿಡಿಯೊ ಕಳುಹಿಸುತ್ತಿದ್ದುದು ಕಾರಣವೆಂದು ತಿಳಿದು, ರೂಟರಿನಲ್ಲಿ ಧ್ವನಿಗೆ ಮೊದಲ ಆದ್ಯತೆ ಕೊಟ್ಟ ಮೇಲೆ ಸರಿಹೋಯಿತು. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿದ್ದುದರಿಂದ ಕರೆಂಟ್ ಹೋದರೂ ಸಾಮಾನ್ಯ ಫೋನು ಬದುಕಿರುತ್ತಿತ್ತು ಎಂಬುದನ್ನೂ ಮರೆಯಬಾರದು. ಫೈಬರಿಗೆ ಬಂದ ಮೇಲೆ ಮೋಡೆಮ್, ಸ್ವಿಚ್, ಫೋನ್ ಎಲ್ಲಕ್ಕೂ ಯುಪಿಎಸ್ ಬೇಕು, ಮತ್ತು ಆ ವೆಚ್ಚ ಯಾವ ಕೊಟೇಶನ್ನಿನಲ್ಲೂ ಇರಲಿಲ್ಲ.

ಭಾಷೆಯ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧನಿರಲಿಲ್ಲ. ಶಿರಾದ ಹೊಲದಲ್ಲಿ ನಿಂತು, ಒಣಗುತ್ತಿರುವ ಬೆಳೆಯನ್ನು ನೋಡುತ್ತ ಫೋನ್ ಮಾಡಿದವನ ಕಿವಿಗೆ ಇಂಗ್ಲಿಷಿನ ಸ್ವಾಗತ ಭಾಷಣ ಬೀಳುವುದು ನನಗೆ ಸಹಿಸಲಾಗದ ಸಂಗತಿ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಮೊದಲು ಅಳವಡಿಸಿದಾಗ, ಅದು ಹಳ್ಳಿಯ ಸೆಕೆ ಮತ್ತು ದೂಳನ್ನು ಹವಾನಿಯಂತ್ರಣವಿಲ್ಲದೆ ತಾಳಿಕೊಳ್ಳುವಂತೆ ತಯಾರಾಗಿತ್ತು. ಬಳಸುವವನು ಇರುವ ಜಾಗವನ್ನು ನೋಡಿ ಯಂತ್ರ ಕಟ್ಟುವುದೆಂದರೆ ಅದು. ಕರೆ ಮಾಡಿದವರಿಗೆ ಯಾವ ಅಂಕಿ ಒತ್ತಬೇಕೆಂದು ತಾನಾಗಿ ಹೇಳುವ ನಮ್ಮ ಐವಿಆರ್‌ನಲ್ಲಿ ಈಗ ಲೆಕ್ಕಪತ್ರ ನೋಡಿಕೊಳ್ಳುವ ಅಕ್ಕನದೇ ಕನ್ನಡ ಧ್ವನಿಯಿದೆ: ರಿಪೇರಿಗೆ ಒಂದು ಒತ್ತಿ, ಬಿಡಿಭಾಗಕ್ಕೆ ಎರಡು ಒತ್ತಿ, ಅಷ್ಟೇ. ಯಾವುದನ್ನೂ ಒತ್ತದವರ ಕರೆ ನೇರವಾಗಿ ಒಬ್ಬ ಮನುಷ್ಯನ ಕೈಗೆ ಬರುತ್ತದೆ.

ಕೊನೆಗೆ ಉಳಿದದ್ದು ಸಂಖ್ಯೆಯ ಪ್ರಶ್ನೆ. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ 2011ರ ಜನವರಿಯಿಂದ ದೇಶದಾದ್ಯಂತ ಇದೆ, ಲ್ಯಾಂಡ್‌ಲೈನಿಗೆ ಇಲ್ಲ. ಕ್ಲೌಡ್ ಸೇವೆಯವರು ಕೊಡುವ ಹೊಸ ಸಂಖ್ಯೆ ಯಾರ ಹೆಸರಿನಲ್ಲಿರುತ್ತದೆ, ಸೇವೆ ಬಿಟ್ಟರೆ ಅದು ಏನಾಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆಯಿರಿ. ನಾವು ರಿಪೇರಿ ಮಾಡಿದ ಮೋಟಾರು ಬಾವಿಯೊಳಗೆ ಇಳಿದ ಮೇಲೆ ಮೇಲೆ ಕಾಣುವುದು ಸ್ಟಾರ್ಟರ್ ಪೆಟ್ಟಿಗೆಯೊಂದೇ ಆದ್ದರಿಂದ, ಅದರ ಮೇಲೆ ನಮ್ಮ ಹಳೆಯ 080 ಲ್ಯಾಂಡ್‌ಲೈನ್ ಸಂಖ್ಯೆ ಕೆತ್ತಿದ ಅಲ್ಯೂಮಿನಿಯಂ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸುತ್ತ ಬಂದಿದ್ದೇವೆ. ಇಂಥ ಪಟ್ಟಿಗಳು ಎಷ್ಟೋ ತೋಟಗಳಲ್ಲಿವೆ. ಆ ಹಳೆಯ ಲೈನಿನ ಬಾಡಿಗೆಯನ್ನು ಪ್ರತಿ ತಿಂಗಳೂ ಕಟ್ಟುತ್ತಿದ್ದೇನೆ. ಅದಕ್ಕೆ ಬರುವ ಪ್ರತಿ ಕರೆಯೂ ಹೊಸ ವ್ಯವಸ್ಥೆಗೆ ಫಾರ್ವರ್ಡ್ ಆಗುತ್ತದೆ.